ಊಲೆನ್‌ಸೀಕ್ ಅಡ್ಡಹೆಸರಿನ ಅರವತ್ತೊಂದು ಮಂದಿ

ಸಂಧ್ಯಾರಾಣಿಯ ಗಂಡ ಮಾರ್ಟಿನ್ ತೀರಿಕೊಂಡದ್ದು 2022ರ ಮಾರ್ಚ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಎಂಟರ ಸುಮಾರಿಗೆ. ಆಸ್ಟ್ರೇಲಿಯಾದ ಮಾರ್ಸ್ಡನ್ ಪಾರ್ಕ್ ಬಡಾವಣೆಯಲ್ಲಿ ನಮ್ಮ ಬೀದಿಯ ಕೊನೆಗೆ ಮಳೆನೀರು ನಿಲ್ಲಲೆಂದು ತೋಡಿದ ದೊಡ್ಡ ಹೊಂಡವಿದೆ. ಅದರ ಸುತ್ತ ಓಡುತ್ತಿದ್ದವನು ಮುಗ್ಗರಿಸಿದ ಹಾಗೆ ಬಿದ್ದ, ಏಳಲಿಲ್ಲ. ಮೂವತ್ತೊಂಬತ್ತು ವರ್ಷ. ಸಿಗರೇಟಿಲ್ಲ, ಬಿಪಿ ಇಲ್ಲ, ಶುಗರ್ ಇಲ್ಲ. ನಾಯಿ ಕರೆದುಕೊಂಡು ಹೋಗುತ್ತಿದ್ದವರು ಎದೆ ಒತ್ತಿದರು, ಆಂಬುಲೆನ್ಸ್ ಒಂಬತ್ತು ನಿಮಿಷದಲ್ಲಿ ಬಂತು. ಏನೂ ಆಗಲಿಲ್ಲ.

ನಾನು ಅವರ ಎದುರು ಮನೆಯವಳು, ಶ್ರದ್ಧಾ. ಊರು ಕಾರ್ಕಳದ ಹತ್ತಿರ. ನನ್ನ ಮಗಳೂ ಅವರ ಮಗಳು ಆದ್ಯಾಳೂ ಒಂದೇ ಕ್ಲಾಸು. ಆ ದಿನ ಎಂಟು ವರ್ಷದ ಆದ್ಯಾ ನಮ್ಮ ಮನೆಯಲ್ಲೇ ದೋಸೆ ತಿನ್ನುತ್ತಿದ್ದಳು. ಅವಳಿಗೆ ವಿಷಯ ಹೇಳುವ ಕೆಲಸ ನನ್ನ ಪಾಲಿಗೆ ಬಂತು, ಅದನ್ನು ನಾನು ಸರಿಯಾಗಿ ಮಾಡಲಿಲ್ಲ. ಅದು ಬೇರೆ ಮಾತು.

ಸಂಧ್ಯಾರಾಣಿ ಹುಬ್ಬಳ್ಳಿಯವಳು, ತವರಿನ ಅಡ್ಡಹೆಸರು ಬಾವಿಕಟ್ಟಿ. ಚಾಟ್ಸ್‌ವುಡ್‌ನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಅವಳದು ವಿಚಿತ್ರವಾದ ಕೆಲಸ. ಒಬ್ಬನೇ ಮನುಷ್ಯ ಮೂರು ಸ್ಪೆಲ್ಲಿಂಗ್‌ನಲ್ಲಿ ಮೂವರು ಗ್ರಾಹಕರಾಗಿ ಕೂತಿರುತ್ತಾನೆ, ಅವನನ್ನು ಹುಡುಕಿ ಒಂದಾಗಿ ಸೇರಿಸಬೇಕು. ಮಾರ್ಟಿನ್ ಪರಿಚಯವಾದದ್ದೂ ಅಲ್ಲೇ. ಅವನ ಅಡ್ಡಹೆಸರು ಊಲೆನ್‌ಸೀಕ್. ಜರ್ಮನಿಯ ವಾಯವ್ಯ ಭಾಗದ ಹಳ್ಳಿಯ ಮಾತಿನಲ್ಲಿ ಗೂಬೆಗಳಿರುವ ಜೌಗು ತಗ್ಗು ಅಂತ ಅರ್ಥವಂತೆ. ಮದುವೆಯ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಅವಳ ದೊಡ್ಡವ್ವ ಚನ್ನಬಸವ್ವ, "ಗೂಬಿ ಹೆಸರಿನ ಮನಿತನಕ್ಕ ಹುಡುಗಿ ಕೊಡ್ತೀರೇನು" ಅಂದಿದ್ದರು. ಆಗ ಎಲ್ಲರೂ ನಕ್ಕಿದ್ದರು. ಮಾರ್ಟಿನ್ ಹೋದ ಮೂರನೇ ದಿನ ಅದೇ ದೊಡ್ಡವ್ವ ಫೋನಿನಲ್ಲಿ ಅದನ್ನೇ ಇನ್ನೊಂದು ಸಲ ಅಂದರು. ಸಂಧ್ಯಾ ಫೋನ್ ಇಟ್ಟವಳು ಮತ್ತೆ ಅವರ ಹತ್ತಿರ ಮಾತಾಡಲಿಲ್ಲ.

ಪೋಸ್ಟ್‌ಮಾರ್ಟಂನಲ್ಲಿ ಏನೂ ಸಿಗಲಿಲ್ಲ. ಹೃದಯ ನೋಡಲು ಚೆನ್ನಾಗಿಯೇ ಇತ್ತು. ಅದಕ್ಕೇ ರಕ್ತವನ್ನು ಜೆನೆಟಿಕ್ ಟೆಸ್ಟಿಗೆ ಕಳಿಸಿದರು. ಎಂಟು ತಿಂಗಳ ಮೇಲೆ ಬಂದ ರಿಪೋರ್ಟಿನಲ್ಲಿ ಒಂದು ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ ಎಂದಿತ್ತು. ಓಡುವಾಗ, ಈಜುವಾಗ, ಹೆದರಿದಾಗ ಹೃದಯದ ಬಡಿತವನ್ನು ಹದ್ದುಮೀರಿಸುವ ಕಾಯಿಲೆಯೊಂದಿದೆ, ಅದು ಆ ಜೀನ್‌ನಿಂದಲೇ ಬರುವುದು. ಆದರೆ ಮಾರ್ಟಿನ್‌ನಲ್ಲಿದ್ದ ಈ ಬದಲಾವಣೆಯನ್ನು ಜಗತ್ತಿನಲ್ಲಿ ಇನ್ನೂ ಯಾರೂ ಬರೆದಿಟ್ಟಿರಲಿಲ್ಲ. ಅದು ಅವನನ್ನು ಕೊಂದಿರಬಹುದು, ಮೂಗಿನ ಮೇಲಿನ ಮಚ್ಚೆಯಂತೆ ಸುಮ್ಮನೆ ಇದ್ದದ್ದೂ ಆಗಿರಬಹುದು.

ಆದ್ಯಾಳ ರಕ್ತ ನೋಡಿದರು. ಅವಳಲ್ಲೂ ಅದೇ ಅಕ್ಷರ ಬದಲಾಗಿತ್ತು.

"ಹಾಗಾದರೆ ಅವಳಿಗೆ ಆ ಕಾಯಿಲೆ ಇದೆಯಾ?" ಎಂದು ಸಂಧ್ಯಾ ಕೇಳಿದಾಗ ಕ್ಲಿನಿಕ್ಕಿನ ಕೌನ್ಸೆಲರ್, "ಗೊತ್ತಿಲ್ಲ" ಅಂದರು. ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದರು, ಎಲ್ಲ ಸರಿಯಾಗಿತ್ತು. ಮಕ್ಕಳಲ್ಲಿ ಮೊದಮೊದಲು ಸರಿಯಾಗಿಯೇ ಕಾಣುತ್ತದೆಯಂತೆ. ಮಾತ್ರೆ ಇದೆ, ಆದರೆ ಆದ್ಯಾಳಿಗೆ ಉಬ್ಬಸ. ಆ ಮಾತ್ರೆ ಉಬ್ಬಸದವರ ಉಸಿರು ಕಟ್ಟಿಸಬಹುದು. ಕಾಯಿಲೆ ಇದೆಯೆಂದು ಖಾತ್ರಿಯಾದರೆ ಆ ಅಪಾಯಕ್ಕೆ ಇಳಿಯಬಹುದು, ಖಾತ್ರಿಯಿಲ್ಲದೆ ಬೇಡ ಅಂತ ಡಾಕ್ಟರು.

"ಖಾತ್ರಿ ಆಗೋದು ಹೇಗೆ?"

"ಮಾರ್ಟಿನ್ ಕಡೆಯ ರಕ್ತಸಂಬಂಧಿಗಳು ಬೇಕು. ಇದೇ ಕಾಯಿಲೆ ಇದ್ದವರಲ್ಲಿ ಇದೇ ಬದಲಾವಣೆ ಸಿಕ್ಕಿದರೆ ಒಂದು ಅರ್ಥ. ಆರೋಗ್ಯವಾಗಿರುವ ಮುದುಕರಲ್ಲಿ ಸಿಕ್ಕಿದರೆ ಇನ್ನೊಂದು ಅರ್ಥ. ಯಾರಿದ್ದಾರೆ?"

ಯಾರೂ ಇರಲಿಲ್ಲ. ಮಾರ್ಟಿನ್ ಒಬ್ಬನೇ ಮಗ. ಅವನಪ್ಪನೂ ಒಬ್ಬನೇ ಮಗ, ಮಾರ್ಟಿನ್‌ಗೆ ಆರು ವರ್ಷವಿದ್ದಾಗ ಸಮುದ್ರದಲ್ಲಿ ಮುಳುಗಿ ಹೋದವನು. ತಾಯಿ ಮಾರ್ಗರೆಟ್ ಮೆಲ್ಬರ್ನ್‌ನ ವೃದ್ಧಾಶ್ರಮದಲ್ಲಿದ್ದಳು, ಆಕೆ ಆ ಮನೆತನಕ್ಕೆ ಸೊಸೆಯಾಗಿ ಬಂದವಳು, ರಕ್ತಸಂಬಂಧವಿಲ್ಲ. ಇಡೀ ಆಸ್ಟ್ರೇಲಿಯಾದಲ್ಲಿ ಆ ರಕ್ತದ ಊಲೆನ್‌ಸೀಕ್ ಎಂದರೆ ಆದ್ಯಾ ಒಬ್ಬಳೇ.

ಆ ದಿನಗಳಲ್ಲಿ ಸಂಧ್ಯಾಳನ್ನು ನೋಡುವುದೇ ಕಷ್ಟವಾಗಿತ್ತು. ಮಗಳು ಮೆಟ್ಟಿಲು ಹತ್ತಿದರೆ ಕೆಳಗೆ ನಿಂತು ಎಣಿಸುತ್ತಿದ್ದಳು. ಶಾಲೆಯಲ್ಲಿ ಮಕ್ಕಳ ದೂರದ ಓಟ ಇದ್ದ ದಿನ ಆದ್ಯಾ ಓಡುವುದಿಲ್ಲ ಅಂತ ಬರೆದುಕೊಟ್ಟಿದ್ದಳು, ಆದರೂ ನಂಬಿಕೆ ಸಾಲದೆ ಆಫೀಸಿಗೆ ರಜೆ ಹಾಕಿ ಬೇಲಿಯ ಹೊರಗೆ ನಿಂತಳು. ಆದ್ಯಾ ಟೀಚರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಗೆದ್ದವರಿಗೆ ರಿಬ್ಬನ್ ಕೊಡುವ ಕೆಲಸ ಮಾಡುತ್ತಿದ್ದಳು. ಮಧ್ಯೆ ಒಮ್ಮೆ ಗೆಳತಿಯನ್ನು ಹುರಿದುಂಬಿಸಲು ಹತ್ತು ಹೆಜ್ಜೆ ಓಡಿದಳಷ್ಟೆ. ಸಂಧ್ಯಾ ಬೇಲಿ ಹಿಡಿದು ಕಿರುಚಿಬಿಟ್ಟಳು. ಮೈದಾನದ ಮಕ್ಕಳೆಲ್ಲ ತಿರುಗಿ ನೋಡಿದವು. ಮಾರನೇ ದಿನ ಪ್ರಿನ್ಸಿಪಾಲ್ ಕರೆಸಿ, ಇನ್ನು ಮೇಲೆ ಬೇಲಿಯ ಹತ್ತಿರ ನಿಲ್ಲಬೇಡಿ, ಬೇರೆ ಮಕ್ಕಳು ಹೆದರುತ್ತಾರೆ ಅಂತ ಮೆತ್ತಗೆ ಹೇಳಿದರು. ಆದ್ಯಾ ಒಂದು ವಾರ ಅಮ್ಮನ ಹತ್ತಿರ ಮಾತಾಡಲಿಲ್ಲ.

ಆಮೇಲೆ ಸಂಧ್ಯಾ ಅಮೆರಿಕದ ಕಡೆ ತಿರುಗಿದಳು. ಊಲೆನ್‌ಸೀಕ್ ಹೆಸರಿನವರು ಜರ್ಮನಿಯಿಂದ 1850ರ ಆಸುಪಾಸಿನಲ್ಲಿ ಹೊರಟವರು. ಒಬ್ಬ ದಕ್ಷಿಣ ಆಸ್ಟ್ರೇಲಿಯಾಕ್ಕೆ ಬಂದ, ಮಿಕ್ಕವರು ಅಮೆರಿಕದ ಮಿಸ್ಸೌರಿಗೆ ಹೋದರು, ಅಲ್ಲಿಂದ ಅಯೋವಾ, ನೆಬ್ರಾಸ್ಕಾ. ಜರ್ಮನಿಯಲ್ಲೇ ಆ ಹೆಸರು ಬಹುಮಟ್ಟಿಗೆ ಅಳಿದುಹೋಗಿತ್ತು. ಅಮೆರಿಕದಲ್ಲಿ ಮೂರು ಸ್ಪೆಲ್ಲಿಂಗ್ ಆಗಿತ್ತು. ಹಡಗಿನ ಪಟ್ಟಿ, ಜನಗಣತಿ, ಚರ್ಚಿನ ಪುಸ್ತಕ, ಪೇಪರಿನಲ್ಲಿ ಬಂದ ಸಾವಿನ ಸುದ್ದಿ, ಎಲ್ಲವನ್ನೂ ಅವಳು ತನ್ನ ಆಫೀಸಿನ ಕೆಲಸದಂತೆಯೇ ಒಂದಕ್ಕೊಂದು ಹೊಂದಿಸಿದಳು. ಮೂರು ಸ್ಪೆಲ್ಲಿಂಗ್ ಸೇರಿ ಈಗ ಬದುಕಿರುವವರು ಅರವತ್ತೊಂದು ಮಂದಿ ಎಂದು ಲೆಕ್ಕ ಸಿಕ್ಕಿತು. ಅರವತ್ತೊಂದು ಮಂದಿಗೂ ಕಾಗದ ಬರೆದಳು. ನಿಮ್ಮ ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಯಾರಾದರೂ ಇದ್ದಕ್ಕಿದ್ದಂತೆ ಸತ್ತಿದ್ದಾರೆಯೇ, ಓಡುವಾಗ, ನೀರಿನಲ್ಲಿ? ನನಗೊಬ್ಬಳು ಮಗಳಿದ್ದಾಳೆ.

ಅಪರೂಪದ ಅಡ್ಡಹೆಸರು ಹಿಡಿದುಕೊಂಡು ಬರುವ ಕಾಗದ ಎಂದರೆ ಅಲ್ಲಿ ಎಲ್ಲರಿಗೂ ಗುಮಾನಿ. ನಿಮ್ಮ ಹೆಸರಿನ ಶ್ರೀಮಂತನೊಬ್ಬ ವಾರಸುದಾರರಿಲ್ಲದೆ ಸತ್ತ ಎಂದು ಮೋಸ ಮಾಡುವವರು ಹಾಗೇ ಬರೆಯುತ್ತಾರಂತೆ. ಅದರ ಮೇಲೆ ಕಳಿಸಿದವಳ ಹೆಸರು ಸಂಧ್ಯಾರಾಣಿ. ಒಬ್ಬ, ಪೊಲೀಸರಿಗೆ ಕೊಡುತ್ತೇನೆ ಅಂತ ಬರೆದ. ಇನ್ನೊಬ್ಬಳು, ಇಂಡಿಯನ್ ಹೆಂಗಸು ನಮ್ಮ ಹೆಸರು ಹೇಗೆ ಇಟ್ಟುಕೊಂಡಳು ಅಂತ ಕೇಳಿದಳು. ಬಹಳ ಮಂದಿ ಉತ್ತರವನ್ನೇ ಕೊಡಲಿಲ್ಲ.

ಒಂಬತ್ತು ಮಂದಿ ಕೊಟ್ಟರು. ಒಳ್ಳೆಯ ಜನ. ಒಂದು ಭಾನುವಾರ ಸಂಧ್ಯಾ ಆ ಒಂಬತ್ತು ಕಾಗದಗಳನ್ನು ನಮ್ಮ ಅಡುಗೆಮನೆಯ ಟೇಬಲ್ ಮೇಲೆ ಹರಡಿ ಕೂತಳು.

"ಓದಿ ನೋಡು, ಶ್ರದ್ಧಾ. ಇವರಪ್ಪ ತೊಂಬತ್ನಾಲ್ಕು. ಇವರಜ್ಜಿ ನೂರಾ ಒಂದು. ಇವರು ಆರು ಜನ ಅಣ್ಣತಮ್ಮಂದಿರು, ಎಲ್ಲರೂ ಎಂಬತ್ತು ದಾಟಿದ್ದಾರೆ, ಎಲ್ಲರೂ ಟ್ರ್ಯಾಕ್ಟರ್ ಓಡಿಸ್ತಾರೆ. ಯಾರೂ ಸತ್ತಿಲ್ಲ." ಹಾಗೆ ಹೇಳುತ್ತಲೇ ಬಿಕ್ಕಿದಳು. "ಯಾರೂ ಸತ್ತಿಲ್ಲ ಅಂತ ನಾನು ಅಳ್ತಾ ಇದೀನಿ. ನಾನು ಏನಾಗಿ ಹೋದೆ?"

ನಾನು ಚಹಾ ಮಾಡಿದೆ.

ಆರು ಅಣ್ಣತಮ್ಮಂದಿರಲ್ಲಿ ಇಬ್ಬರು, ಅವರ ಜೊತೆ ಮಿಸ್ಸೌರಿಯ ಡಾರ್ಲೀನ್ ಎಂಬ ನಿವೃತ್ತ ಟೀಚರು, ಮೂವರು ಎಂಜಲಿನ ಸ್ಯಾಂಪಲ್ ಕೊಡಲು ಒಪ್ಪಿದರು. ಯಾರಲ್ಲೂ ಆ ಬದಲಾವಣೆ ಇರಲಿಲ್ಲ. ಇದರಿಂದ ಏನು ತಿಳಿಯಿತು ಎಂದರೆ ಏನೂ ತಿಳಿಯಲಿಲ್ಲ ಎಂದರು ಕೌನ್ಸೆಲರ್. ಒಂದು ವರ್ಷದ ಹುಡುಕಾಟ ಅಲ್ಲಿಗೆ ನಿಂತಿತು.

ಅಷ್ಟರಲ್ಲಿ ಸಂಧ್ಯಾಳ ಅಪ್ಪ ಶಿವಪುತ್ರಪ್ಪ ವಿಸಿಟರ್ ವೀಸಾದ ಮೇಲೆ ಬಂದರು. ಧಾರವಾಡ ಜಿಲ್ಲೆಯಲ್ಲಿ ಭೂಮಾಪನ ಇಲಾಖೆಯಲ್ಲಿ ಹೊಲ ಅಳೆದು ರಿಟೈರ್ ಆದವರು. ಮಾತು ಕಡಿಮೆ. ದಿನಾ ಬೆಳಿಗ್ಗೆ ಮಾರ್ಟಿನ್ ಬಿದ್ದ ಜಾಗದ ತನಕ ನಡೆದುಹೋಗಿ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದರು. ಮಗಳು ಗೋಡೆಗೆ ಅಂಟಿಸಿದ್ದ ವಂಶವೃಕ್ಷವನ್ನು ಒಂದು ವಾರ ನೋಡಿದರು. ಒಂದು ಮಧ್ಯಾಹ್ನ ನಾನು ಚಪಾತಿ ಕೊಡಲು ಹೋದಾಗ ಅದರ ಮುಂದೆಯೇ ನಿಂತಿದ್ದರು.

"ಸಂಧ್ಯಾ, ಈ ದೇಶಕ್ಕ ಮೊದಲ ಬಂದಾಂವ ಇದಾನಲ್ಲ, ಅಂವ ಹುಟ್ಟಿದಾಗ ಅವನ ಅಡ್ಡಹೆಸರು ಇದ ಇತ್ತೇನು?"

"ಇದ ಇರತದಪ್ಪ. ಅಡ್ಡಹೆಸರು ಅಪ್ಪನಿಂದ ಬರೂದು."

"ಹಂಗ ಏನಿಲ್ಲ. ನಾವು ಬಾವಿಕಟ್ಟಿ ಹೆಂಗ ಆದ್ವಿ ಹೇಳು."

"ಮನಿ ಮುಂದ ಬಾವಿ ಇತ್ತು ಅಂತ."

"ಬಾವಿ ಇತ್ತು ಖರೆ. ಅದು ನಮ್ಮಜ್ಜನ ಬಾವಿ ಅಲ್ಲ. ಅಂವ ಅಣ್ಣಿಗೇರಿಯಿಂದ ಮನಿ ಅಳಿಯ ಆಗಿ ಬಂದಾಂವ, ಮೂಲ ಅಡ್ಡಹೆಸರು ಹಳ್ಯಾಳ. ಮಾವನ ಹೊಲ ಹಿಡದ ಮ್ಯಾಲ ಊರ ಮಂದಿ ಬಾವಿಕಟ್ಟಿ ಅಂದ್ರು, ಹೊಲದ ಉತಾರ ಕಾಗದದಾಗೂ ಹಂಗ ಬರದ್ರು. ಈಗ ನಮ್ಮ ಅಜ್ಜನ ರಕ್ತ ಹುಡುಕಬೇಕಂದ್ರ ನೀ ಬಾವಿಕಟ್ಟಿ ಮಂದೀನ ಎಷ್ಟ ಕೇಳಿದ್ರೂ ಸಿಗೂದಿಲ್ಲ. ಅಣ್ಣಿಗೇರಿಗೆ ಹೋಗಬೇಕು." ಅವರು ಬೆರಳಿನಿಂದ ಗೋಡೆಯ ಕಾಗದ ಮುಟ್ಟಿದರು. "ಊಲೆನ್‌ಸೀಕ್ ಅಂದ್ರೂ ಒಂದು ಹೊಲದ ಹೆಸರ ಅಲ್ಲೇನವಾ? ಅಂವನೂ ಮನಿ ಅಳಿಯ ಆಗಿದ್ರ, ನೀ ಅವನ ಹೇಂತಿ ಕಡೆ ಮಂದೀನ ಅಷ್ಟ ನೋಡಿರಬೇಕು. ಗಂಡಿನ ಕಡೆ ಹಂಗ ಉಳದದ."

ಸಂಧ್ಯಾ ಅಪ್ಪನನ್ನೇ ನೋಡುತ್ತಾ ನಿಂತಳು. ಅವಳ ಮುಖದಲ್ಲಿ ಆಸೆ ಕಾಣಲಿಲ್ಲ, ಇನ್ನೊಂದು ಸಲ ಮೊದಲಿನಿಂದ ಶುರು ಮಾಡಬೇಕಲ್ಲ ಎಂಬ ದಣಿವು ಕಂಡಿತು.

ಡಾರ್ಲೀನ್‌ಗೆ ಬರೆದು ಕೇಳಿದಳು. ಹೌದು, ಆ ಸೀಮೆಯಲ್ಲಿ ಹಾಗೇ ಇತ್ತು, ಹೊಲಮನೆಗೆ ಅಳಿಯನಾಗಿ ಬಂದವನು ಆ ಮನೆಯ ಹೆಸರನ್ನೇ ಹೊರುತ್ತಿದ್ದ, ಹುಟ್ಟಿದ ಹೆಸರು ಚರ್ಚಿನ ಕಾಗದದಲ್ಲಿ ಮಾತ್ರ ಉಳಿಯುತ್ತಿತ್ತು ಎಂದು ಉತ್ತರ ಬಂತು. ಆಸ್ಟ್ರೇಲಿಯಾಕ್ಕೆ ಹೋದವನ ಚರ್ಚಿನ ಕಾಗದ ನಿಮ್ಮ ಹತ್ತಿರ ಇದೆಯೇ ಎಂದೂ ಕೇಳಿದ್ದಳು.

ಇದ್ದರೆ ಮಾರ್ಗರೆಟ್ ಹತ್ತಿರ ಇರಬೇಕಿತ್ತು. ಅಪ್ಪ, ಮಗಳು, ಮೊಮ್ಮಗಳು ಮೂವರೂ ಮೆಲ್ಬರ್ನ್‌ಗೆ ಹೋದರು. ಅಲ್ಲಿ ನಡೆದದ್ದನ್ನು ಸಂಧ್ಯಾ ಆಮೇಲೆ ನನಗೆ ಹೇಳಿದಳು. ಮಾರ್ಗರೆಟ್‌ಗೆ ಎಂಬತ್ತೊಂದು, ಮರೆವಿನ ಕಾಯಿಲೆ. ಸಂಧ್ಯಾಳನ್ನು ನರ್ಸ್ ಅಂದುಕೊಂಡು ನೀರು ಕೇಳಿದಳು. ಮಗ ಸತ್ತದ್ದು ಆಕೆಗೆ ನೆನಪಿರಲಿಲ್ಲ. ಮಾರ್ಟಿನ್ ಯಾಕೆ ಬರಲಿಲ್ಲ ಎಂದು ಕೇಳಿದಾಗ ಸಂಧ್ಯಾ, "ಕೆಲಸ" ಅಂದಳು. ಆದ್ಯಾ ಎದ್ದು ಹೊರಗೆ ಹೋದಳು.

ಕಪಾಟಿನ ತಳದಲ್ಲಿ ಬಿಸ್ಕತ್ತಿನ ಡಬ್ಬಿ ಇತ್ತು. ಅದನ್ನು ತೆರೆಯಲು ಮಾರ್ಗರೆಟ್ ಬಿಡಲಿಲ್ಲ, ಎದೆಗವುಚಿಕೊಂಡಳು. ಅರ್ಧ ಗಂಟೆ ಕೂತು ಬೇಡಿದರೂ ಬಿಡಲಿಲ್ಲ. ಕೊನೆಗೆ ಶಿವಪುತ್ರಪ್ಪ ಆಕೆಯ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ತಮ್ಮ ಪಾಕೀಟಿನಿಂದ ಸತ್ತ ಹೆಂಡತಿಯ ಫೋಟೋ ತೆಗೆದು ತೋರಿಸಿದರು. ಕನ್ನಡದಲ್ಲೇ ಏನೋ ಹೇಳಿದರು. ಆಕೆ ಫೋಟೋ ನೋಡಿದಳು, ಆಮೇಲೆ ತಾನೂ ತೋರಿಸಬೇಕೆಂದು ಡಬ್ಬಿ ತೆರೆದು ಗಂಡನ ಫೋಟೋ ಹೊರಗೆ ತೆಗೆದಳು.

"ಬಹಳ ಚೆನ್ನಾಗಿ ಈಜುತ್ತಿದ್ದ," ಅಂದಳು. "ಯಾವಾಗಲೂ ದಡದಿಂದ ಓಡಿಹೋಗಿ ನೀರಿಗೆ ಹಾರುವುದು. ಅಲೆ ಕೂಡ ಇರಲಿಲ್ಲ ಅವತ್ತು. ನಾನು ಟವೆಲ್ ಹಿಡಿದು ನಿಂತಿದ್ದೆ."

ಮಾರ್ಟಿನ್‌ನ ಅಪ್ಪ ಸತ್ತದ್ದು ಮುಳುಗಿದ್ದರಿಂದಲ್ಲ ಎಂದು ಸಂಧ್ಯಾಳಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಮುಳುಗುವ ಮೊದಲೇ ಹೃದಯ ನಿಂತು ಸತ್ತಿದ್ದ. ಅವಳು ಡಬ್ಬಿಯ ಕಾಗದಗಳ ಫೋಟೋ ತೆಗೆದುಕೊಂಡಳು.

ಹಳೆಯ ಜರ್ಮನ್ ಕೈಬರಹವನ್ನು ಡಾರ್ಲೀನ್ ಎರಡು ದಿನದಲ್ಲಿ ಓದಿ ಕಳಿಸಿದಳು. 1853ರ ಮದುವೆಯ ಕಾಗದ. ಆಸ್ಟ್ರೇಲಿಯಾಕ್ಕೆ ಬಂದವನೇ ಮದುಮಗ, ಅವನ ಹೆಸರು ಲಾಮ್‌ಕೆ, "ಊಲೆನ್‌ಸೀಕ್ ಎಂದು ಕರೆಯಲ್ಪಡುವ." ಅವನ ಸ್ವಂತ ತಮ್ಮನೊಬ್ಬ ಲಾಮ್‌ಕೆ ಎಂಬ ಹೆಸರಿನಲ್ಲೇ ನೆಬ್ರಾಸ್ಕಾಕ್ಕೆ ಹೋಗಿದ್ದ. ಆ ತಮ್ಮನ ಮೊಮ್ಮಗನ ಮಗಳು ರೂತ್ ಎಂಬಾಕೆ ಇನ್ನೂ ಅಲ್ಲೇ ಇದ್ದಾಳೆಂದು ಡಾರ್ಲೀನ್ ತಾನೇ ಹುಡುಕಿ, ಆಕೆಗೆ ಫೋನ್ ಮಾಡಿ, ಸಂಧ್ಯಾ ಮೋಸಗಾರ್ತಿಯಲ್ಲ ಎಂದು ಮೊದಲೇ ಹೇಳಿಟ್ಟಿದ್ದಳು.

ಬೆಳಿಗ್ಗೆ ಏಳಕ್ಕೆ, ಆದ್ಯಾ ಸ್ಕೂಲಿಗೆ ರೆಡಿಯಾಗುತ್ತಿದ್ದಾಗ ಸಂಧ್ಯಾ ಗ್ಯಾರೇಜಿನಲ್ಲಿ ಕಾರಿನೊಳಗೆ ಕೂತು ಫೋನ್ ಮಾಡಿದಳು. ಎಷ್ಟೋ ಸಲ ಬರೆದಿದ್ದ ಪ್ರಶ್ನೆಯನ್ನೇ ಕೇಳಿದಳು.

"ನಮ್ಮ ಮನೆಯಲ್ಲಿ ಮಕ್ಕಳಿಗೆ ಈಜು ಕಲಿಸುವುದಿಲ್ಲ," ಅಂದಳು ರೂತ್. "ನಮ್ಮಜ್ಜನ ಕಾಲದಿಂದ. ನೀರು ನಮಗೆ ಆಗುವುದಿಲ್ಲ ಅಂತ. ನನ್ನ ಅಣ್ಣ ಹತ್ತೊಂಬತ್ತಕ್ಕೆ ಕೊಳದಲ್ಲಿ ಹೋದ. ನನ್ನ ಮಗ ಬಾಸ್ಕೆಟ್‌ಬಾಲ್ ಆಡುವಾಗ ಬಿದ್ದ, ಕೋಚ್ ಶಾಕ್ ಕೊಟ್ಟು ಉಳಿಸಿದರು. ಬಡಿತ ತಪ್ಪಿದರೆ ಶಾಕ್ ಕೊಡುವ ಮೆಷಿನ್ ಈಗ ಅವನ ಎದೆಯೊಳಗೇ ಇದೆ. ಯಾಕೆ ಅಂತ ಇಲ್ಲಿ ಯಾರೂ ಹೇಳಲಿಲ್ಲ. ನಿಮಗೆ ಗೊತ್ತಾ?"

ಆ ಬೆಳಿಗ್ಗೆ ಆದ್ಯಾಳನ್ನು ನಾನೇ ಸ್ಕೂಲಿಗೆ ಬಿಟ್ಟೆ. ವಾಪಸ್ ಬಂದಾಗ ಸಂಧ್ಯಾ ಇನ್ನೂ ಕಾರಿನಲ್ಲೇ ಇದ್ದಳು.

"ಆ ಹುಡುಗ ಕುಸಿದುಬಿದ್ದ ಅಂತ ಆಕೆ ಹೇಳಿದ್ಳಲ್ಲ, ನನಗೆ ಸಂತೋಷ ಆಯ್ತು," ಅಂದಳು. "ಸಿಕ್ತು ಅಂತ. ಆಮೇಲೆ ಆದ್ಯಾ ನೆನಪಾದ್ಳು."

ಸ್ಯಾಂಪಲ್‌ಗಳ ಫಲಿತಾಂಶ ಬರಲು ನಾಲ್ಕು ತಿಂಗಳು. ರೂತ್‌ಳಲ್ಲಿ ಆ ಬದಲಾವಣೆ ಇತ್ತು, ಬಿದ್ದ ಮಗನಲ್ಲಿ ಇತ್ತು, ಚೆನ್ನಾಗಿರುವ ಇನ್ನೊಬ್ಬ ಮಗನಲ್ಲಿ ಇರಲಿಲ್ಲ. ರೂತ್ ಅದುವರೆಗೆ ಗಟ್ಟಿಯಾಗೇ ಇದ್ದವಳು, ಟ್ರೆಡ್‌ಮಿಲ್ ಮೇಲೆ ನಡೆಸಿದಾಗ ಅವಳ ಬಡಿತವೂ ತಪ್ಪಿತಂತೆ. ಇಲ್ಲಿಯ ಕ್ಲಿನಿಕ್ ಎಲ್ಲವನ್ನೂ ಸೇರಿಸಿ ನೋಡಿ ಹೊಸ ರಿಪೋರ್ಟ್ ಕೊಟ್ಟಿತು. ಈ ಬದಲಾವಣೆ ರೋಗಕಾರಕ. ಆದ್ಯಾಳಿಗೆ ಕಾಯಿಲೆ ಬರುವ ಜೀನ್ ಇದೆ.

ಎರಡು ವರ್ಷದ ಹತ್ತಿರ ಹುಡುಕಿ ಸಂಧ್ಯಾ ತಂದುಕೊಂಡ ಉತ್ತರ ಅದು. ಶಿವಪುತ್ರಪ್ಪ ಆಗಲೇ ಹುಬ್ಬಳ್ಳಿಗೆ ವಾಪಸಾಗಿದ್ದರು. ಫೋನಿನಲ್ಲಿ ಕೇಳಿ, "ನಾ ಆ ಗ್ವಾಡಿ ಮುಂದ ನಿಂದ್ರಬಾರದಿತ್ತು" ಅಂದರಂತೆ.

ಉಬ್ಬಸದ ಡಾಕ್ಟರು, ಹೃದಯದ ಡಾಕ್ಟರು ಕೂತು ಮಾತ್ರೆಯನ್ನು ಚೂರುಚೂರೇ ಏರಿಸಿದರು. ಎರಡು ಸಲ ಉಸಿರು ಸಿಕ್ಕಿಹಾಕಿಕೊಂಡು ಬ್ಲ್ಯಾಕ್‌ಟೌನ್ ಆಸ್ಪತ್ರೆಗೆ ಓಡಿದ್ದೂ ಆಯಿತು. ಮಾತ್ರೆಯಿಂದ ಹುಡುಗಿ ದಿನವಿಡೀ ತೂಕಡಿಸುತ್ತಿದ್ದಳು. ಈಜು ನಿಂತಿತು, ನೆಟ್‌ಬಾಲ್ ನಿಂತಿತು, ಟ್ರ್ಯಾಂಪೊಲಿನ್ ಇರುವ ಬರ್ತ್‌ಡೇ ಪಾರ್ಟಿಗಳು ನಿಂತವು. ಆದ್ಯಾಳಿಗೆ ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಯಾವಾಗಲೂ ಇಂಗ್ಲಿಷಿನಲ್ಲಿ. ಒಂದು ದಿನ ನನ್ನೆದುರಿಗೇ ಅಮ್ಮನಿಗೆ ಹೇಳಿದಳು, ಗಟ್ಟಿದನಿ ಕೂಡ ಮಾಡದೆ: ನನಗೆ ಏನೂ ಆಗಿರಲಿಲ್ಲ, ನೀನೇ ಹೋಗಿ ಹುಡುಕಿಕೊಂಡು ಬಂದೆ. ಸಂಧ್ಯಾ ತಟ್ಟೆ ತೊಳೆಯುತ್ತಿದ್ದವಳು ತೊಳೆಯುತ್ತಲೇ ಇದ್ದಳು.

2025ರ ಫೆಬ್ರವರಿಯಲ್ಲಿ ಶಾಲೆಯಲ್ಲಿ ಬೆಂಕಿ ಅಲಾರಂ ಹೊಡೆದುಕೊಂಡಿತು. ಕ್ಯಾಂಟೀನಿನ ಟೋಸ್ಟರ್ ಹೊಗೆ, ಅಷ್ಟೆ. ಆದ್ಯಾ ಹೆದರಿದಳು, ಕಾರಿಡಾರ್‌ನಲ್ಲಿ ಬಿದ್ದಳು. ಆ ರಿಪೋರ್ಟ್ ಬಂದ ಮೇಲೆ ಶಾಲೆಯವರು ಶಾಕ್ ಕೊಡುವ ಮೆಷಿನನ್ನು ಅವಳ ಕ್ಲಾಸಿನ ಹೊರಗೇ ಗೋಡೆಗೆ ಹಾಕಿಸಿದ್ದರು, ಟೀಚರು ಅದನ್ನು ಬಳಸಲು ಕಲಿತಿದ್ದರು. ಎರಡನೇ ಶಾಕಿಗೆ ಬಡಿತ ಬಂತು.

ಆಸ್ಪತ್ರೆಯಲ್ಲಿ ಅವಳ ಎದೆಯೊಳಗೂ ಮೆಷಿನ್ ಕೂರಿಸಿದರು. ಮೂರನೇ ದಿನ ನಾನು ನೋಡಲು ಹೋದಾಗ ಅಮ್ಮ ಮಗಳು ಇಬ್ಬರೂ ಒಂದೇ ಹಾಸಿಗೆಯಲ್ಲಿ ಒರಗಿದ್ದರು. ಆದ್ಯಾಳ ಕೈಯಲ್ಲಿ ಫೋನು, ರೂತ್‌ಳ ಮಗನ ಜೊತೆ ವಿಡಿಯೋ ಮಾತು ಮುಗಿಸಿದ್ದಳು. ಅವನು ತನ್ನ ಎದೆಯ ಗಾಯದ ಗುರುತು ತೋರಿಸಿದ್ದನಂತೆ. ಅಮ್ಮನ ಕಡೆ ತಿರುಗಿ, ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು.

"ನನಗೆ ಬೇಬಿ ಆದ್ರೆ ಅದಕ್ಕೂ ಬರತ್ತಾ?"

"ಬರಬಹುದು," ಅಂದಳು ಸಂಧ್ಯಾ. "ಬರದೇನೂ ಇರಬಹುದು. ಅರ್ಧ ಅರ್ಧ."

"ಗೊತ್ತಾಗತ್ತಾ, ಟೆಸ್ಟ್ ಮಾಡಿದ್ರೆ?"

"ಗೊತ್ತಾಗತ್ತೆ. ಈಗ ಗೊತ್ತಾಗತ್ತೆ."

ಆದ್ಯಾ ಅಮ್ಮನ ತೋಳನ್ನು ಎಳೆದು ತಲೆಯ ಕೆಳಗೆ ಇಟ್ಟುಕೊಂಡು, ನರ್ಸ್ ಬಂದು ಬಿಪಿ ನೋಡುವ ತನಕ ಹಾಗೇ ಮಲಗಿದ್ದಳು.